ಅಕ್ಕ ಬಾಯಿ ಹೊಲಿದ ದಿಂಬುಗಳು

ಅರಳೆ ಹಿಂಜುವಾಗ ನಮ್ಮ ಅಂಗಡಿಯಲ್ಲಿ ಬಿಸಿಲೇ ಬೆಳ್ಳಗೆ ಕಾಣುತ್ತಿತ್ತು. ಎಳೆಗಳು ತೇಲುತ್ತ ತೇಲುತ್ತ ಬಾಗಿಲ ಬಳಿ ಕೂತ ನೀಲವ್ವಕ್ಕನ ಹುಬ್ಬಿನ ಮೇಲೆ ಇಳಿಯುತ್ತಿದ್ದವು. ಅವಳು ಒರೆಸಿಕೊಳ್ಳುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಅವ್ವ ಇಲ್ಲದ ನನ್ನನ್ನು ಸಾಕಿ ಬೆಳೆಸಿದ್ದಳು. ನಾನು ಅರಳೆ ಹಿಂಜಿ ಗಾದಿ, ದಿಂಬುಗಳಿಗೆ ತುಂಬುತ್ತಿದ್ದೆ. ಅವಳು ಅವುಗಳ ಬಾಯಿ ಹೊಲಿಯುತ್ತಿದ್ದಳು. ಕೊನೆಯ ಗಂಟನ್ನು ಬಟ್ಟೆಯ ಒಳಗೆ ಎಳೆದು ಮುಚ್ಚುವ ಅವಳ ಕೈಚಳಕ ಊರಿನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಜನ ಸ್ಪಂಜಿನ ಹಾಸಿಗೆಗೆ ಒಲಿದು ನಮ್ಮ ಅಂಗಡಿಯನ್ನು ಮರೆಯತೊಡಗಿದ್ದ ದಿನಗಳವು. ಆಗ ಮಲ್ಹಾರಿ ಬಂದ. ನನ್ನ ಜೊತೆ ಶಾಲೆ ಕಲಿತವನು. ಈಗ ಪರ ಊರಿನ ಲಾಡ್ಜುಗಳಿಗೆ ಸಾಮಾನು ಒದಗಿಸುತ್ತಿದ್ದ. ಮೊದಲ ಮೂರು ಸಲ ಬರೀ ದಿಂಬು ಒಯ್ದ. ನಾಲ್ಕನೆಯ ಸಲ ಒಂದು ಚೀಲ ತಂದು ನನ್ನ ಮುಂದಿಟ್ಟ.

"ಅರಳಿ ನಡುವ ಇದನ್ನಿಟ್ಟು ತುಂಬು. ನಿದ್ದಿ ಬರೋ ಔಷಧಿ ಸೊಪ್ಪು," ಎಂದ.

ಚೀಲದೊಳಗಿನ ಒಂದು ಪೊಟ್ಟಣವನ್ನು ಮೂಗಿನ ಹತ್ತಿರ ತರುವ ಮೊದಲೇ ನನಗೆ ಗೊತ್ತಾಯಿತು. ಹೊಳೆದಂಡೆಯ ಬೈರಾಗಿಗಳ ಚಿಲುಮೆಯಿಂದ ಬರುವ ವಾಸನೆಯನ್ನು ಚಿಕ್ಕಂದಿನಿಂದ ಬಲ್ಲೆ. ಗಾಂಜಾ. ನಾನು ಏನೂ ಕೇಳಲಿಲ್ಲ. ಕೇಳಿದರೆ ಅವನು ಹೇಳಿಯಾನು ಎಂಬ ಹೆದರಿಕೆ ನನಗೆ.

"ಈ ದಿಂಬು ಯಾಕೋ ಭಾರ ಅದಲ್ಲೋ," ಎಂದಳು ಅಕ್ಕ.

"ಹಳೇ ಅರಳಿ ಅಕ್ಕಾ, ಥಂಡಿ ಹಿಡದದ," ಎಂದೆ.

ಅವಳು ನಂಬಿ ಹೊಲಿದಳು. ಹಾಗೆ ಆರು ತಿಂಗಳು ಹೊಲಿದಳು.

ಒಂದು ಮಧ್ಯಾಹ್ನ ಜೀಪು ಬಂದು ನಿಂತಿತು. ಇಳಿದ ಇನ್ಸ್‌ಪೆಕ್ಟರಮ್ಮನ ಕೈಯಲ್ಲಿ, ಯಾವುದೋ ಲಾಡ್ಜಿನಲ್ಲಿ ಸಿಕ್ಕ, ಹೊಟ್ಟೆ ಸೀಳಿದ ದಿಂಬಿತ್ತು. "ಈ ಹೊಲಿಗೆ ಯಾರದು?" ಎಂದರು.

ಅಕ್ಕನ ಮುಖ ಅರಳಿತು. "ನಂದರೀ. ತುದೀ ಗಂಟು ಹುಡುಕಿದರೂ ಸಿಗಂಗಿಲ್ಲ ನೋಡ್ರಿ."

"ಒಳಗೆ ಗಾಂಜಾ ಇಟ್ಟವರು ಯಾರು?"

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಇನ್ಸ್‌ಪೆಕ್ಟರಮ್ಮ ನನ್ನ ಕಡೆ ತಿರುಗಿದರು. ನನ್ನ ನಾಲಗೆ ಏಳುವ ಮೊದಲೇ ಅಕ್ಕ, "ಅಂವಗೇನು ಗೊತ್ತರೀ, ಅಂವ ಬರೇ ಅರಳಿ ಹಿಂಜತಾನ," ಎಂದಳು. ನನ್ನನ್ನು ಕಾಯಬೇಕೆಂದಲ್ಲ, ತಾನು ನಂಬಿದ್ದನ್ನೇ ಹೇಳಿದಳು. ಆ ಮಾತಿನ ಮರೆಯಲ್ಲಿ ನಾನು ಸುಮ್ಮನೆ ನಿಂತೆ. ಹುಬ್ಬಿನ ಮೇಲಿನ ಅರಳೆ ಒರೆಸಿಕೊಳ್ಳದೆಯೇ ಅವಳು ಜೀಪು ಹತ್ತಿದಳು.

ಎರಡು ದಿನ ಕಳೆದವು. ನೆರೆಮನೆಯ ಗಿರಿಜಮ್ಮ ರೊಟ್ಟಿ ಪಲ್ಯ ತಂದುಕೊಟ್ಟು, "ಪಾಪ, ನೀ ಏನು ಮಾಡ್ತಿ," ಎಂದು ಸಮಾಧಾನ ಹೇಳಿ ಹೋದಳು. ಮೂರನೆಯ ದಿನ ನಾನು ಠಾಣೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ.

"ಮಾರಿದವನು ಮಲ್ಹಾರಿ ರೀ. ನಾ ಬರೇ ತುಂಬಿಕೊಟ್ಟೆ," ಎಂದೆ.

"ಗೊತ್ತಿದ್ದೂ ತುಂಬಿಕೊಟ್ಟೆಯಲ್ಲ. ಕಾನೂನಿನ ಕಣ್ಣಿಗೆ ನೆರವಾದವನೂ ಅಪರಾಧಿಯೇ," ಎಂದರು ಇನ್ಸ್‌ಪೆಕ್ಟರಮ್ಮ. ಅಂದೇ ಅಕ್ಕನನ್ನು ಬಿಟ್ಟು ನನ್ನನ್ನು ಒಳಗೆ ಹಾಕಿದರು.

ನ್ಯಾಯಾಲಯದಲ್ಲೂ ಅದೇ ಆಯಿತು. ನಾನು ಸೇದಿಲ್ಲ, ಮಾರಿಲ್ಲ, ಸಾಗಿಸಿಲ್ಲ ಎಂದು ವಕೀಲರು ವಾದಿಸಿದರು. ನ್ಯಾಯಾಧೀಶರು ನನ್ನನ್ನು ಕೇಳಿದ್ದು ಒಂದೇ ಮಾತು: ದಿಂಬಿನೊಳಗೆ ಏನಿತ್ತೆಂದು ನಿನಗೆ ಗೊತ್ತಿತ್ತೇ? ಗೊತ್ತಿತ್ತು ಎಂದೆ. ಮಲ್ಹಾರಿಯ ಜೊತೆ ನನಗೂ ಶಿಕ್ಷೆಯಾಯಿತು.

ಅಕ್ಕನನ್ನು ಉಳಿಸಲು ತಾನೇ ಹೋಗಿ ತಲೆಕೊಟ್ಟ ತಮ್ಮ ಎಂದು ಊರು ನನ್ನನ್ನು ಮರುಕದಿಂದ ನೆನೆಯಿತಂತೆ. ನಾನೂ ಜೈಲಿನಲ್ಲಿ ಹಾಗೆಯೇ ಹೇಳಿಕೊಂಡೆ. ಅದು ಸುಳ್ಳು. ಮೂರನೆಯ ದಿನ ಬೆಳಿಗ್ಗೆ ಚಹಾದಂಗಡಿಯಲ್ಲಿ, ಮಲ್ಹಾರಿ ಸಿಕ್ಕಿಬಿದ್ದನಂತೆ ಎಂಬ ಮಾತು ಕಿವಿಗೆ ಬಿದ್ದಿತ್ತು. ಅವನು ನನ್ನ ಹೆಸರು ಹೇಳುವ ಮೊದಲು ನಾನೇ ಹೇಳಿಬಿಡೋಣವೆಂದು ಓಡಿದ್ದೆ. ಅವನು ಸಿಕ್ಕದಿದ್ದರೆ ಎಷ್ಟು ದಿನ ಸುಮ್ಮನಿರುತ್ತಿದ್ದೆನೋ, ಇಂದಿಗೂ ನನಗೆ ತಿಳಿಯದು.

ಬಿಡುಗಡೆಯಾಗಿ ಬಂದಾಗ ಅಂಗಡಿ ಇರಲಿಲ್ಲ. ಅಕ್ಕ ಜಗಲಿಯ ಮೇಲೆ ಮುತ್ತುಗದ ಎಲೆಗಳಿಗೆ ಕಡ್ಡಿ ಚುಚ್ಚಿ ಊಟದ ಪತ್ರಾವಳಿ ಹಚ್ಚುತ್ತಿದ್ದಳು. ಸೂಜಿ ಮುಟ್ಟುವುದನ್ನು ಬಿಟ್ಟಿದ್ದಳಂತೆ. ಬಾ ಎಂದಳು, ನೀರು ಕೊಟ್ಟಳು. ಮತ್ತೆ ಎಲೆ ಕೈಗೆತ್ತಿಕೊಂಡು, ತಲೆ ಎತ್ತದೆ ಕೇಳಿದಳು:

"ನಾ ಠಾಣೆದಾಗಿದ್ದ ಎರಡು ದಿನ, ನಿನಗ ಊಟ ಸೇರ್ತೇನೋ?"

ಈ ಸಲವಾದರೂ ಸುಳ್ಳು ಹೇಳಬಾರದೆನಿಸಿತು.

"ಸೇರ್ತು, ಅಕ್ಕಾ."

ಅವಳು ಹೂಂ ಎಂದಳು. ಎಲೆಯ ಗುಡ್ಡೆಯನ್ನೂ ಒದ್ದೆ ಬಟ್ಟೆಯನ್ನೂ ನನ್ನ ಕಡೆ ಸರಿಸಿದಳು. "ಎರಡೂ ಮಗ್ಗಲು ಒರಸಿ ಕೊಡು."

ನಾನು ಒರೆಸಿ ಒರೆಸಿ ಕೊಡುತ್ತ ಹೋದೆ. ಅವಳು ನನ್ನ ಕೈಯಿಂದ ಬಂದ ಒಂದೊಂದು ಎಲೆಯನ್ನೂ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ಆಮೇಲೆ ಕಡ್ಡಿ ಚುಚ್ಚುತ್ತಿದ್ದಳು.