ಮೋರ್ಸ್ ಬಾರದ ಸೊಸೆ

ರೇಡಿಯೊ ಕ್ಲಬ್ಬಿನ ಸಭೆಯಲ್ಲಿ ಅಂದು ಒಂದೇ ಪ್ರಶ್ನೆ: ಹೊಸ ನಿಯಮದ ಪ್ರಕಾರ ಪೀಪ್ ಸದ್ದಿನಲ್ಲಿ ಅಕ್ಷರ ಕಳಿಸುವ ಮೋರ್ಸ್ ಸಂಕೇತದ ಪರೀಕ್ಷೆ ಇಲ್ಲದೆ ಹವ್ಯಾಸಿ ರೇಡಿಯೊ ಲೈಸೆನ್ಸ್ ಪಡೆದವರನ್ನು ಸದಸ್ಯರಾಗಿ ಸೇರಿಸಿಕೊಳ್ಳಬೇಕೆ, ಬೇಡವೆ. ಅಂಥ ಅರ್ಜಿ ಹಾಕಿದ್ದವಳು ಒಬ್ಬಳೇ. ಔಷಧಿ ಅಂಗಡಿಯಲ್ಲಿ ಕೆಲಸ, ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರ ಸೊಸೆ. ಗಂಡ ಪಕ್ಕದಲ್ಲೇ ಕೂತಿದ್ದ. ನಿನ್ನ ಪರವಾಗಿ ನಾನು ಮಾತಾಡುತ್ತೇನೆಂದು ಬೆಳಿಗ್ಗೆ ಹಲ್ಲುಜ್ಜುತ್ತಲೇ ಹೇಳಿದ್ದ.

"ಕಿವಿ ಪಳಗದೋರು ಸೆಟ್ ಮುಂದೆ ಕೂತು ಏನ್ ಮಾಡ್ತಾರೆ?" ಎಂದ ಲೇತ್ ಕೆಲಸದ ಅಣ್ಣ, ಮಾವನ ಗೆಳೆಯ.

"ಮಾತಾಡ್ತಾರೆ," ಎಂದಳು ಅವಳು. "ನೀವು ಫೋನ್ ತಗೊಳ್ಳೋವಾಗ ಯಾರಾದ್ರೂ ಪರೀಕ್ಷೆ ಮಾಡಿದ್ರಾ ಅಣ್ಣ?"

ಕೆಲವರು ನಕ್ಕರು. ಮಾವ ನಗಲಿಲ್ಲ. ಮೇಜಿನ ಮೇಲಿದ್ದ ಅಭ್ಯಾಸದ ಮೋರ್ಸ್ ಕೀಗೆ ಬೆರಳಿಟ್ಟು ಒತ್ತತೊಡಗಿದರು. ಬಜರ್ ಪೀಪೀ ಎಂದಿತು. ಕೂತವರಲ್ಲಿ ಆ ಸಂಕೇತ ತಿಳಿಯದವಳು ಅವಳೊಬ್ಬಳೇ. ಕೀ ಹೇಳಿದ್ದು ಇದು:

"ಮನೆಗೂ ಹಿತ್ತಿಲ ಬಾಗಿಲಿಂದ ಬಂದಳು, ಇಲ್ಲಿಗೂ ಅದರಿಂದಲೇ."

ಅವಳೂ ಗಂಡನೂ ಮನೆಯಲ್ಲಿ ಹೇಳದೆ ರಿಜಿಸ್ಟರ್ ಮದುವೆಯಾದವರು. ಗಂಡನ ಪಳಗಿದ ಕಿವಿಗೆ ಅದು ಸದ್ದಲ್ಲ, ಮಾತು. ಮಾತು ಮುಗಿಯುವ ಮೊದಲೇ ನಗು ಬಂದುಬಿಟ್ಟಿತು. ಯೋಚಿಸಿ ನಕ್ಕಿದ್ದಲ್ಲ. ಆದರೂ ನಕ್ಕ, ಹಲ್ಲು ಕಾಣುವಂತೆ.

ಅವಳು ತಿರುಗಿದಳು. "ಏನಂದ್ರು ಮಾವ?"

"ಏನಿಲ್ಲ. ಟೀ ಇನ್ನೂ ಬಂದಿಲ್ಲ ಅಂತ."

"ಅದಕ್ಕೆ ಇಷ್ಟು ನಗುವಾ?"

ಅವನ ಕಿವಿ ಬಿಸಿಯಾಯಿತು. ಬೂಟಿನ ಲೇಸ್ ನೋಡುತ್ತ ಕೂತ.

"ಸುಳ್ಳು ಯಾಕೋ ಹೇಳ್ತೀಯ?" ಎಂದರು ಮಾವ. "ನಮ್ಮನೆಗೂ ಕ್ಲಬ್ಬಿಗೂ ಹಿತ್ತಿಲ ಬಾಗಿಲಿಂದ ಬಂದೆ ಅಂದೆ ಕಣಮ್ಮ. ಬೇಕಾದ್ರೆ ಬಾಯಲ್ಲೇ ಇನ್ನೊಂದ್ಸಲ ಅಂತೀನಿ."

ಲೇತ್ ಅಣ್ಣ ಫ್ಯಾನು ನೋಡಿದ.

"ಅನ್ಕೊಳ್ಳಿ ಮಾವ. ಬಾಗಿಲು ತೆಗೆದಿದ್ದು ಸರ್ಕಾರ. ನಾನೇನ್ ಬೀಗ ಮುರಿದಿಲ್ಲ." ಆಮೇಲೆ ಗಂಡನ ಮುಖ ನೋಡದೆ, ಸಣ್ಣ ದನಿಯಲ್ಲಿ ಹೇಳಿದಳು: "ಅವರಿಗೆ ಉತ್ತರ ಕೊಟ್ಟೆ. ನಿಮ್ಮ ನಗುವಿಗೆ ಏನ್ ಕೊಡ್ಲಿ? ಆ ಬಾಗಿಲಿಂದ ಕೈ ಹಿಡಿದು ಕರ್ಕೊಂಡ್ ಬಂದೋರು ನೀವೇ ಅಲ್ವಾ."

ಅವನು ಎದ್ದು ಮಾತಾಡಬೇಕಾದ ಹೊತ್ತು ಅದೇ ಆಗಿತ್ತು. ಅಧ್ಯಕ್ಷರೂ ಅವನತ್ತ ನೋಡಿದರು. ಈಗ ಏನು ಹೇಳಿದರೂ ಆ ನಗುವನ್ನು ತೊಳೆಯಲು ಹೇಳಿದಂತೆ ಕೇಳಿಸುತ್ತದೆ ಎಂದುಕೊಂಡ. ಅದೂ ಒಂದು ನೆಪವೇ ಎಂದು ಅವನಿಗೆ ಗೊತ್ತಿತ್ತು. ಏಳಲಿಲ್ಲ.

"ಸೇರಿಸ್ಕೊಳ್ಳೋಣ ಅನ್ನೋರು ಕೈ ಎತ್ತಿ," ಎಂದರು ಅಧ್ಯಕ್ಷರು.

ಒಂದೊಂದಾಗಿ ಕೈಗಳು ಎದ್ದವು. ಮಾವ ತೋಳು ಕಟ್ಟಿಕೊಂಡೇ ಇದ್ದರು. ಅವನು ಅಪ್ಪನ ತೋಳನ್ನೇ ನೋಡುತ್ತಿದ್ದ.

"ಸಾಕು, ಬಹುಮತ ಆಯ್ತು." ಅಧ್ಯಕ್ಷರು ಪೆನ್ನಿಗೆ ಮುಚ್ಚಳ ಹಾಕಿದರು.

ಆಗ ಅವನ ಕೈ ಎದ್ದಿತು.

"ಇಳಿಸಪ್ಪ, ಮುಗೀತು," ಎಂದ ಲೇತ್ ಅಣ್ಣ.