ಕೆಂಚಿಯ ಪಥ್ಯ

ಹಾಲಿನಲ್ಲಿ ನೆನೆಸಿದ ರೊಟ್ಟಿಯ ಚೂರನ್ನು ದಾಕ್ಷಾಯಿಣಿ ಮುಂದಿಟ್ಟರೂ ಕೆಂಚಿ ಮೂಸಲಿಲ್ಲ. ಹಿತ್ತಲಿನ ಅನಾನಸ್ ಬುಟ್ಟಿಗಳ ಸಂದಿಯಲ್ಲಿ ಬೆನ್ನು ಬಾಗಿಸಿ, ತಲೆ ತಗ್ಗಿಸಿ ನಿಂತಿತ್ತು. ಮರಿಯಾಗದ ಹಾಗೆ ಶಿರಸಿಯಲ್ಲಿ ಆಪರೇಷನ್ ಮಾಡಿಸಿ ತಂದು ಇವತ್ತಿಗೆ ಮೂರನೆಯ ದಿನ. ಮಲಗಲು ಹೋಗುವುದು, ಅರ್ಧಕ್ಕೇ ತಡೆದು ಮತ್ತೆ ನಿಲ್ಲುವುದು, ಇಷ್ಟೇ ಆಗಿತ್ತು ನಾಯಿಯದು.

"ಒಂದ್ ಸರ್ತಿನೂ ಕುಂಯ್ ಅಂದಿಲ್ಲ ನೋಡು, ಭಾಳ ಗಟ್ಟಿ ಐತಿ," ಅಂದಳು ಅತ್ತೆ ಗೌರಕ್ಕ, ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತ. "ಹಸಿ ಹೊಟ್ಟಿ. ನೀರು ಕಮ್ಮಿ ಕುಡಸು, ಪಥ್ಯ ಇರ್ಲಿ. ಗುಳಿಗಿ ಉಷ್ಣ, ಅಳಾಕ ಹತ್ತಿದ್ರ ಕೊಡೂಣು."

ಡಾಕ್ಟರು ಕೊಟ್ಟ ಐದು ನೋವಿನ ಗುಳಿಗೆಗಳು ಗೋಡೆಯ ಗೂಡಿನಲ್ಲಿ ಹಾಗೇ ಇದ್ದವು. ದಾಕ್ಷಾಯಿಣಿಗೂ ಅದೇ ಸರಿ ಅನ್ನಿಸಿತ್ತು. ಎರಡನೆಯ ಹೆರಿಗೆಯ ಮೇಲೆ ಅವಳಿಗೆ ಆಪರೇಷನ್ ಆದಾಗ ಇದೇ ಅತ್ತೆ ಇದೇ ಪಥ್ಯ ಮಾಡಿಸಿದ್ದಳು. ಒಣ ಅನ್ನ, ಮೆಣಸಿನ ಪುಡಿ, ಅರ್ಧ ಲೋಟ ನೀರು. ಅವಳೂ ಗೋಡೆ ಹಿಡಿದು ನಡೆದಿದ್ದಳು, ಬಾಯಿ ಬಿಟ್ಟಿರಲಿಲ್ಲ.

ಹೊಲಿಗೆ ಹೇಗಿದೆ ಎಂದು ಕೇಳಲು ಡಾಕ್ಟರು ಶೈಲಾ ಫೋನ್ ಮಾಡಿದರು.

"ಛಲೋ ಐತ್ರಿ ಮೇಡಮ್. ಒದರೇ ಇಲ್ರಿ, ಗುಳಿಗಿ ಬೇಕಾಗೇ ಇಲ್ಲ. ಬರೇ ನಿಂತಕೊಂಡಿರ್ತೈತಿ, ಉಣ್ಣವಲ್ದು."

ಡಾಕ್ಟರು ಬಿಡಿಸಿ ಹೇಳಿದರು.

"ಅಕ್ಕಾರೆ, ನಾಯಿ ನೋವಾದ್ರ ಅಳೂದಿಲ್ರಿ, ಮುಚ್ಚಿಡ್ತೈತಿ. ಹೊಟ್ಟಿ ನೋಯ್ತೈತಿ ಅಂತನ ಮಲಗವಲ್ದು. ಮೊದಲ ನೀರು ಇಡ್ರಿ. ಚೂರು ಅನ್ನ ತಿನಿಸಿ ಗುಳಿಗಿ ಕೊಡ್ರಿ. ಸಂಜೀತನಕ ಹಿಂಗ ಇದ್ರ ಕರಕೊಂಡ ಬರ್ರಿ, ತಡಾ ಮಾಡಿದ್ರ ಉಳಿಯೂದಿಲ್ಲ."

ಬೋಗುಣಿ ತುಂಬ ನೀರಿಟ್ಟಾಗ ಕೆಂಚಿ ತಲೆ ಎತ್ತದೆ ಕುಡಿಯಿತು. ಬಹಳ ಹೊತ್ತು ಕುಡಿಯಿತು. ಆಮೇಲೆ ಅನ್ನದ ತುತ್ತನ್ನೂ, ಗುಳಿಗೆ ಇಟ್ಟ ತುತ್ತನ್ನೂ ನುಂಗಿತು.

"ಎಷ್ಟ್ ಮುದ್ದು ಮಾಡ್ತಿ ಅದಕ್ಕ!" ಗೌರಕ್ಕ ನಕ್ಕಳು. "ನಿನಗ ಯಾರ ಗುಳಿಗಿ ಕೊಟ್ಟಿದ್ರು? ಏನರ ಆತೇನು? ಓಣಿಗೆಲ್ಲ ಹೇಳೇನಿ, ನಮ್ಮ ಸೊಸಿಗೆ ನೋವು ಅನ್ನೂದ ಗೊತ್ತಿಲ್ಲ ಅಂತ."

ಹದಿನಾಲ್ಕು ವರ್ಷದಿಂದ ಆ ಮಾತನ್ನು ದಾಕ್ಷಾಯಿಣಿ ಬೆಳ್ಳಿ ಸಾಮಾನಿನ ಹಾಗೆ ಜೋಪಾನ ಮಾಡಿಕೊಂಡು ಬಂದಿದ್ದಳು. ಇವತ್ತು ಅವಳು ನಗಲಿಲ್ಲ. ಗೋಣಿಚೀಲ ತಂದು ಬುಟ್ಟಿಗಳ ಪಕ್ಕ ಹಾಸಿದಳು. ಮುಟ್ಟಲು ಹೋದರೆ ಕೆಂಚಿ ಹಿಂದೆ ಸರಿಯಿತು.

ಬಿಸಿಲು ಕಟ್ಟೆಯಿಂದ ಇಳಿಯುವ ಹೊತ್ತಿಗೆ ಅದು ಮುಂಗಾಲು ಮಡಚಿತು. ನಡುಗಿತು. ಹಿಂಗಾಲನ್ನೂ ಮೆಲ್ಲಗೆ ಇಳಿಸಿ, ಚೀಲದ ಮೇಲೆ ಗದ್ದ ಊರಿತು. ಆಗ ಅದರ ಗಂಟಲಿನಿಂದ ಮೊದಲ ಸಲ ಸಣ್ಣಗೆ ಒಂದು ನರಳಿಕೆ ಹೊರಟಿತು.

ಒಳಗಿನಿಂದ ಅತ್ತೆ ಎರಡು ಸಲ ಕರೆದಳು. ದಾಕ್ಷಾಯಿಣಿ ಗೋಡೆ ಹಿಡಿದು ಅಲ್ಲೇ ನಿಂತಿದ್ದಳು.