ತಮ್ಮ ತುಂಬಿಸಿದ ಬುಟ್ಟಿ

ವಾರವೆಲ್ಲ ಇಸ್ತ್ರಿ ಅಂಗಡಿಯಲ್ಲಿ ನಿಂತು ನಿಂತು ಅಕ್ಕನ ಕಾಲು ಸೋತುಹೋಗಿದ್ದವು. ಆದರೂ ಇದ್ದೊಂದು ರಜೆಯ ದಿನ ತಮ್ಮನನ್ನು ಕರೆದುಕೊಂಡು ಅಣಬೆ ಆರಿಸಲು ಕಾಡಿಗೆ ಬಂದಿದ್ದಳು. ತಿನ್ನುವಂಥದ್ದೆಂದು ಗುರುತು ಸಿಕ್ಕಿದ್ದನ್ನಷ್ಟೇ ಚಾಕುವಿನಿಂದ ಕೊಯ್ದು, ಮೊಗ್ಗುಗಳನ್ನು ಮುಟ್ಟದೆ, ಗುಂಪಿನಲ್ಲಿ ಅರ್ಧದಷ್ಟು ಬಿಟ್ಟು ಮುಂದೆ ಹೋಗುವುದು ಅವಳ ಪದ್ಧತಿ. ಹಾಗಾಗಿ ಮಧ್ಯಾಹ್ನವಾದರೂ ಬುಟ್ಟಿಯ ತಳ ಕಾಣುತ್ತಲೇ ಇತ್ತು. ದಣಿದು ಮರಕ್ಕೊರಗಿದವಳಿಗೆ ಹಾಗೇ ಜೊಂಪು ಹತ್ತಿತು.

ಕಣ್ಣು ಬಿಟ್ಟು ನೋಡಿದರೆ ಬುಟ್ಟಿ ತುಂಬಿತ್ತು. ತಮ್ಮ ಬೆವರೊರೆಸಿಕೊಳ್ಳುತ್ತ ಹಲ್ಲು ಕಿರಿದ.

"ಮನೇಲಿ ನಿಂಗೆ ಕೆಲಸ ಕಮ್ಮಿ ಆಗ್ಲಿ ಅಂತ ನಿಂದು, ನಂದು ಎಲ್ಲಾ ಸೇರಿಸಿ ಹೆಚ್ಚಿಟ್ಟಿದೀನಿ ಅಕ್ಕಾ."

ಕ್ಷೌರದ ಅಂಗಡಿಯಲ್ಲಿ ಪಳಗಿದ ಕೈ, ಕೇಳಬೇಕೇ! ಕೊಡೆ ಯಾವುದು, ಕಾಂಡ ಯಾವುದು ತಿಳಿಯದಷ್ಟು ಸಣ್ಣಗೆ, ನಾಜೂಕಾಗಿ ಹೆಚ್ಚಿದ್ದ.

"ನೀನು ಕಿತ್ತಿದ್ದು ಯಾವುದು, ತೋರಿಸು."

ತಮ್ಮ ಬುಟ್ಟಿಗೆ ಕೈಹಾಕಿ ಕೆದಕಿದ, ಮತ್ತೆ ಕೆದಕಿದ. "ಎಲ್ಲಾ ಒಂದೇ ಥರ ಇದ್ವಲ್ಲಕ್ಕಾ," ಎಂದ.

ಬೈಯುವುದಕ್ಕೂ ಅಕ್ಕನಲ್ಲಿ ತ್ರಾಣವಿರಲಿಲ್ಲ. ಕೋಲಿನಿಂದ ಗುಂಡಿ ತೋಡಿ, ಅಷ್ಟನ್ನೂ ಸುರಿದು, ಮಣ್ಣು ಮುಚ್ಚಿದಳು.

ಸಂಜೆ ಮನೆಯಲ್ಲಿ ಒಣ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುತ್ತ ತಮ್ಮ ಗೊಣಗತೊಡಗಿದ. "ನಾನು ಪಟ್ಟ ಪಾಡೆಲ್ಲ ಮಣ್ಣುಪಾಲು ಮಾಡ್ಬಿಟ್ಟೆ. ತಿಂದಿದ್ರೂ ಏನೂ ಆಗ್ತಿರ್ಲಿಲ್ಲ."

"ಗೊಣಗೋ," ಎಂದಳು ಅಕ್ಕ, ಕಾಲು ನೀವಿಕೊಳ್ಳುತ್ತ. "ನಾಳೆ ಬೆಳಿಗ್ಗೆನೂ ನೀನು ಹೀಗೇ ಗೊಣಗ್ತಾ ಇರ್ಬೇಕು ಅಂತಾನೇ ಕಣೋ ಚೆಲ್ಲಿದ್ದು."